ನಂಜೇರಿದ ಯಕೃತ್ತಿನ ರೋಗಿಗೆ ಎಷ್ಟು ಬಾಟಲಿ?

(ಸಂಘದ ವಾರ್ಷಿಕ ಸಮಾವೇಶದ ಆರೋಗ್ಯ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ನಮ್ಮ ಊರುಗಳಲ್ಲಿ ನರಕ್ಕೆ ಏನು ಹಾಕಿದರೂ ಅದಕ್ಕೆ ‘ಗ್ಲೂಕೋಸ್’ ಎಂದೇ ಹೆಸರು. ಸುಸ್ತಾದರೆ ಒಂದು ಬಾಟಲಿ, ಜ್ವರ ಬಂದರೆ ಎರಡು. ಹಾಕದ ಡಾಕ್ಟರ ಮೇಲೆ ಮನೆಯವರಿಗೆ ನಂಬಿಕೆಯೇ ಹುಟ್ಟುವುದಿಲ್ಲ. ಆದರೆ ಆ ಬಾಟಲಿಯೂ ಒಂದು ಔಷಧ, ಅದಕ್ಕೂ ಪ್ರಮಾಣವಿದೆ. ಲಿವರ್ ಸಿರೋಸಿಸ್ ಇದ್ದವರಿಗೆ ಸೆಪ್ಸಿಸ್ ಆದಾಗ, ಅಂದರೆ ಸೋಂಕಿನ ನಂಜು ಮೈಗೆಲ್ಲ ಏರಿದಾಗ, ಇದು ಜೀವನ್ಮರಣದ ಪ್ರಶ್ನೆಯಾಗುತ್ತದೆ.

ಮೊದಲೇ ಒಂದು ಮಾತು. ಸಿರೋಸಿಸ್ ಎಂದೊಡನೆ ಕುಡಿತ ಎಂದು ತಿಳಿಯುವವರಿದ್ದಾರೆ. ‘ನಮ್ಮ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ, ಇದು ಹೇಗೆ ಬಂತು?’ ಎಂದು ರೋಗವನ್ನೇ ಬಚ್ಚಿಡುವವರೂ ಇದ್ದಾರೆ. ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು, ಸಕ್ಕರೆ ಕಾಯಿಲೆ ಹಾಗೂ ಬೊಜ್ಜಿನ ಜೊತೆ ಬರುವ ಕೊಬ್ಬಿನ ಲಿವರ್ ಇವೆಲ್ಲ ಒಂದು ತೊಟ್ಟೂ ಕುಡಿಯದವರನ್ನು ಸಿರೋಸಿಸ್‌ಗೆ ತಲುಪಿಸುತ್ತವೆ. ನಾಚಿಕೆಯಿಂದ ಬಚ್ಚಿಟ್ಟರೆ ನಷ್ಟ ರೋಗಿಗೇ.

ನರದೊಳಗೆ ಉಪ್ಪುನೀರು ಹರಿಸುವ ಚಿಕಿತ್ಸೆ ಹುಟ್ಟಿದ್ದು ಕಾಲರಾ ಕಾಲದಲ್ಲಿ. 1832ರಲ್ಲಿ ಸ್ಕಾಟ್ಲೆಂಡಿನ ಲೀತ್ ಪಟ್ಟಣದಲ್ಲಿ ಥಾಮಸ್ ಲಟ್ಟಾ ಎಂಬ ವೈದ್ಯರು ಇದನ್ನು ಮಾಡಿ ತೋರಿಸಿದರು. ಕಾಲರಾದಲ್ಲಿ ನೀರು ಮೈಯಿಂದ ಹೊರಗೆ ಹೋಗಿರುತ್ತದೆ. ಹೋದಷ್ಟನ್ನು ತುಂಬಿದರೆ ಲೆಕ್ಕ ಸರಿಹೋಗುತ್ತದೆ. ಸೆಪ್ಸಿಸ್‌ನಲ್ಲಿ ಹಾಗಲ್ಲ. ರಕ್ತನಾಳಗಳು ಸಡಿಲಗೊಂಡು ಹಿಗ್ಗಿರುತ್ತವೆ, ಅವುಗಳ ಗೋಡೆ ಸೋರುತ್ತಿರುತ್ತದೆ. ಸೋರುವ ಕೊಡಕ್ಕೆ ಎಷ್ಟು ಸುರಿಯಬೇಕು?

‘ಸರ್ವೈವಿಂಗ್ ಸೆಪ್ಸಿಸ್ ಕ್ಯಾಂಪೇನ್’ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಇದಕ್ಕೆ ಒಂದು ಅಂಕಿ ಕೊಟ್ಟಿತು: ಮೊದಲ 3 ಗಂಟೆಗಳಲ್ಲಿ ಪ್ರತಿ ಕಿಲೋ ತೂಕಕ್ಕೆ ಕನಿಷ್ಠ 30 ಮಿ.ಲೀ. 2016ರಲ್ಲಿ ಇದು ಬಲವಾದ ಶಿಫಾರಸು. 2021ರಲ್ಲಿ ಕೇವಲ ಸಲಹೆಯ ಮಟ್ಟಕ್ಕೆ ಇಳಿಯಿತು. ಇದಕ್ಕೂ ಮೊದಲೇ, 2011ರಲ್ಲಿ ಪ್ರಕಟವಾದ ‘ಫೀಸ್ಟ್’ ಅಧ್ಯಯನ ಎಲ್ಲರನ್ನೂ ಬೆಚ್ಚಿಬೀಳಿಸಿತ್ತು. ಉಗಾಂಡ, ಕೀನ್ಯಾ, ಟಾಂಜಾನಿಯಾಗಳಲ್ಲಿ ಜ್ವರದಿಂದ ರಕ್ತಸಂಚಾರ ಕುಂದಿದ್ದ 3,141 ಮಕ್ಕಳಲ್ಲಿ, ದ್ರವವನ್ನು ವೇಗವಾಗಿ ಪಡೆದವರಲ್ಲಿ 48 ಗಂಟೆಯೊಳಗೆ ಸತ್ತವರು ಶೇ. 10.5ರ ಆಸುಪಾಸು, ಹಾಗೆ ಪಡೆಯದವರಲ್ಲಿ ಶೇ. 7.3. ವಯಸ್ಕರಲ್ಲಿ ನಡೆದ 2022ರ ‘ಕ್ಲಾಸಿಕ್’ ಮತ್ತು 2023ರ ‘ಕ್ಲೋವರ್ಸ್’ ಅಧ್ಯಯನಗಳಲ್ಲಿ ಹೆಚ್ಚು ಕೊಟ್ಟರೂ ಕಡಿಮೆ ಕೊಟ್ಟರೂ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಈಗ ಸಿರೋಸಿಸ್ ರೋಗಿಯನ್ನು ನೋಡೋಣ. ಹೊಟ್ಟೆ ನೀರು ತುಂಬಿ ಉಬ್ಬಿದೆ, ಕಾಲು ಊದಿದೆ. ನೋಡಿದವರು ‘ಮೈಯೆಲ್ಲ ನೀರು’ ಎನ್ನುತ್ತಾರೆ. ಆದರೆ ಮೂತ್ರಪಿಂಡವನ್ನು ಕೇಳಿ, ಅದು ‘ನನಗೆ ನೀರೇ ಬರುತ್ತಿಲ್ಲ’ ಎನ್ನುತ್ತದೆ. ಇಬ್ಬರ ಮಾತೂ ನಿಜ. ಗಟ್ಟಿಯಾದ ಲಿವರಿನ ಮೂಲಕ ರಕ್ತ ಸರಾಗವಾಗಿ ಸಾಗುವುದಿಲ್ಲ. ಕರುಳಿನ ಸುತ್ತಲ ನಾಳಗಳು ಹಿಗ್ಗಿ ರಕ್ತ ಅಲ್ಲೇ ನಿಲ್ಲುತ್ತದೆ. ಮುಖ್ಯ ಧಮನಿಗಳಲ್ಲಿ ಒತ್ತಡ ಇಳಿಯುತ್ತದೆ. ರಕ್ತದ ನೀರನ್ನು ನಾಳದೊಳಗೆ ಹಿಡಿದಿಡುವ ಆಲ್ಬುಮಿನ್ ಎಂಬ ಪ್ರೋಟೀನನ್ನು ತಯಾರಿಸಬೇಕಾದದ್ದು ಲಿವರೇ, ಅದೂ ಕಡಿಮೆ. ಹೃದಯ ವಿಶ್ರಾಂತಿಯಲ್ಲಿ ಚೆನ್ನಾಗಿಯೇ ಕಂಡರೂ ಹೆಚ್ಚಿನ ಹೊರೆ ಬಿದ್ದಾಗ ಸೋಲಬಹುದು. ಸುರಿದ ನೀರು ಹೊಟ್ಟೆಗೆ, ಕಾಲಿಗೆ, ಕೊನೆಗೆ ಶ್ವಾಸಕೋಶಕ್ಕೆ ಇಳಿಯುತ್ತದೆ.

ಉಪ್ಪಿನ ಲೆಕ್ಕವನ್ನೂ ಹಾಕಿ. ಒಂದು ಲೀಟರ್ ನಾರ್ಮಲ್ ಸಲೈನಿನಲ್ಲಿ 9 ಗ್ರಾಂ ಉಪ್ಪು. 60 ಕಿಲೋ ತೂಕದವರಿಗೆ 30ರ ಸೂತ್ರ ಹಿಡಿದರೆ 1,800 ಮಿ.ಲೀ., ಅಂದರೆ 16 ಗ್ರಾಂ ಉಪ್ಪು. ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ದಿನಕ್ಕೆ ಸುಮಾರು 5 ಗ್ರಾಂ ಮೀರಬೇಡಿ ಎಂದು ಹೇಳುವವರು ನಾವೇ! ಪ್ರಾಣ ಉಳಿಸಲು ಬೇಕಾದಾಗ ಕೊಡಲೇಬೇಕು, ನಿಜ. ರಿಂಗರ್ ಲ್ಯಾಕ್ಟೇಟ್‌ನಂಥ ಸಮತೋಲಿತ ದ್ರವಗಳಿಗೆ ಈಗ ಹೆಚ್ಚಿನ ಒಲವಿದೆ. ಸ್ಟಾರ್ಚ್ ದ್ರವಗಳನ್ನು ಮಾತ್ರ ಮುಟ್ಟಬೇಡಿ. ಅವು ಮೂತ್ರಪಿಂಡಕ್ಕೆ ಕೆಡುಕು.

ಹಾಗಾದರೆ ಆಲ್ಬುಮಿನ್ನನ್ನೇ ಕೊಟ್ಟರಾಯಿತಲ್ಲ ಎಂದು ಕೇಳುವಿರಿ. ಹೊಟ್ಟೆಯ ನೀರಿಗೇ ಸೋಂಕು ತಗುಲಿದಾಗ ಅದರ ಪ್ರಯೋಜನ ಸ್ಪಷ್ಟ. 1999ರ ಸ್ಪೇನಿನ ಅಧ್ಯಯನದಲ್ಲಿ ಆಂಟಿಬಯಾಟಿಕ್ ಜೊತೆ ಆಲ್ಬುಮಿನ್ ಪಡೆದವರಲ್ಲಿ ಮೂತ್ರಪಿಂಡ ಕೆಟ್ಟವರು ಶೇ. 10, ಪಡೆಯದವರಲ್ಲಿ ಶೇ. 33. ಪ್ರಮಾಣ ಮೊದಲ ದಿನ ಕಿಲೋಗೆ 1.5 ಗ್ರಾಂ, ಮೂರನೆಯ ದಿನ 1 ಗ್ರಾಂ. ಶೇ. 20ರ 100 ಮಿ.ಲೀ. ಬಾಟಲಿಯಲ್ಲಿ ಇರುವುದು 20 ಗ್ರಾಂ. 60 ಕಿಲೋ ರೋಗಿಗೆ ಎರಡೂ ದಿನ ಸೇರಿ ಏಳೂವರೆ ಬಾಟಲಿ, ಒಂದೊಂದಕ್ಕೂ ಸಾವಿರಗಟ್ಟಲೆ ರೂಪಾಯಿ. ಚಿಕಿತ್ಸಾ ನೆರವು ಕೊಡುವ ಸಂಘ ಸಂಸ್ಥೆಗಳು ಹಣ ಸೇರಿಸಬೇಕಾದ ಜಾಗ ಇದು ಎಂದು ನನ್ನ ಅಭಿಪ್ರಾಯ.

ಬೇರೆ ಸೋಂಕುಗಳಲ್ಲಿ ಚಿತ್ರ ಅಷ್ಟು ತಿಳಿಯಾಗಿಲ್ಲ. ದೆಹಲಿಯ ಇನ್‌ಸ್ಟಿಟ್ಯೂಟ್ ಆಫ್ ಲಿವರ್ ಅಂಡ್ ಬಿಲಿಯರಿ ಸೈನ್ಸಸ್‌ನಲ್ಲಿ, ಸೆಪ್ಸಿಸ್‌ನಿಂದ ಬಿ.ಪಿ. ಇಳಿದಿದ್ದ 308 ಸಿರೋಸಿಸ್ ರೋಗಿಗಳ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಒಂದು ವಾರದ ಬಳಿಕ ಬದುಕಿದ್ದವರು ಶೇ. 5ರ ಆಲ್ಬುಮಿನ್ ಪಡೆದವರಲ್ಲಿ ಶೇ. 43.5, ಸಲೈನ್ ಪಡೆದವರಲ್ಲಿ ಶೇ. 38.3. ಅದೇ ಸಂಸ್ಥೆ 2022ರಲ್ಲಿ ಗಾಢವಾದ ಶೇ. 20ರ ಆಲ್ಬುಮಿನ್ನನ್ನು ಪರೀಕ್ಷಿಸಿತು. ಬಿ.ಪಿ. ಬೇಗ ಏರಿತು, ಆದರೆ ಶೇ. 22ರಷ್ಟು ಮಂದಿಯಲ್ಲಿ ಶ್ವಾಸಕೋಶದ ತೊಂದರೆಯಂಥ ಕಾರಣಗಳಿಂದ ಅದನ್ನು ನಿಲ್ಲಿಸಬೇಕಾಯಿತು, 28 ದಿನಗಳ ಸಾವಿನಲ್ಲಿ ಗಣನೀಯ ವ್ಯತ್ಯಾಸ ಬರಲಿಲ್ಲ. ದುಬಾರಿ ಬಾಟಲಿಯೂ ಉಸಿರು ಕಟ್ಟಿಸಬಲ್ಲದು.

ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟು. 250 ಅಥವಾ 500 ಮಿ.ಲೀ. ಕೊಡಿ, ನಿಲ್ಲಿಸಿ, ಹಾಸಿಗೆಯ ಬಳಿ ಹೋಗಿ ನೋಡಿ. ಬಿ.ಪಿ. ಏರಿತೇ, ಮೂತ್ರ ಬಂತೇ, ಪ್ರಜ್ಞೆ ತಿಳಿಯಾಯಿತೇ, ಉಸಿರಿನ ವೇಗ ಹೆಚ್ಚಿತೇ? ಲ್ಯಾಕ್ಟೇಟ್ ಒಂದನ್ನೇ ನೆಚ್ಚಬೇಡಿ. ಅದನ್ನು ರಕ್ತದಿಂದ ತೆಗೆಯುವುದರಲ್ಲಿ ಲಿವರಿನದು ದೊಡ್ಡ ಪಾಲು, ಆದ್ದರಿಂದ ಇವರಲ್ಲಿ ನಿಧಾನವಾಗಿ ಇಳಿಯುತ್ತದೆ. ಬಿ.ಪಿ. ಏರದಿದ್ದರೆ ಇನ್ನೊಂದು ಬಾಟಲಿಗೆ ಕೈ ಹಾಕುವ ಬದಲು ನಾರ್‌ಅಡ್ರಿನಲಿನ್ ಬೇಗ ಆರಂಭಿಸಿ. ಇದರ ವಿರುದ್ಧದ ತಪ್ಪೂ ಅಷ್ಟೇ ಅಪಾಯಕರ. ಹೊಟ್ಟೆ ಉಬ್ಬಿದೆಯೆಂದು ನೀರನ್ನೇ ಕೊಡದೆ, ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಮುಂದುವರಿಸಿದರೆ ಮೂತ್ರಪಿಂಡ ಕೈಕೊಡುತ್ತದೆ. ಬಿ.ಪಿ. ಇಳಿದ ದಿನ ಆ ಮಾತ್ರೆ ನಿಲ್ಲಬೇಕು.

ಮನೆಯವರಿಗೆ ಕೊನೆಯದಾಗಿ. ಈ ರೋಗಿಗಳಲ್ಲಿ ಸೆಪ್ಸಿಸ್ ಜ್ವರವಿಲ್ಲದೆಯೂ ಬರುತ್ತದೆ. ಹಗಲೆಲ್ಲ ನಿದ್ದೆ, ರಾತ್ರಿ ಎಚ್ಚರ, ತೊದಲು ಮಾತು, ಮೂತ್ರ ಕಡಿಮೆಯಾಗುವುದು, ಇವು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಬರುವಾಗ ಮಾತ್ರೆಗಳ ಚೀಟಿ, ಹಿಂದಿನ ತಪಾಸಣೆಯ ತೂಕ ಮತ್ತು ಬಿ.ಪಿ. ಬರೆದ ಪುಸ್ತಕ ತನ್ನಿ. ಸದಾ 95 ಇರುವವರ ಬಿ.ಪಿ. 90 ಆಗುವುದಕ್ಕೂ, 130 ಇದ್ದವರದು 90 ಆಗುವುದಕ್ಕೂ ಚಿಕಿತ್ಸೆ ಒಂದೇ ಅಲ್ಲ. ಹೊಟ್ಟೆಯ ನೀರನ್ನು ಸೂಜಿಯಿಂದ ಪರೀಕ್ಷೆಗೆ ತೆಗೆಯುತ್ತೇವೆ ಎಂದರೆ ಗಾಬರಿಯಾಗಿ ತಡೆಯಬೇಡಿ. ಆ ನೀರಿನ ಒಂದು ಘನ ಮಿಲಿಮೀಟರಿನಲ್ಲಿ ನ್ಯೂಟ್ರೋಫಿಲ್ ಬಿಳಿರಕ್ತಕಣಗಳು 250 ಮೀರಿದ್ದರೆ ಸೋಂಕು ಅಲ್ಲಿಯೇ ಇದೆ ಎಂದು ತಿಳಿಯುತ್ತದೆ, ಆಂಟಿಬಯಾಟಿಕ್ ಮತ್ತು ಆಲ್ಬುಮಿನ್ ಅಂದೇ ಶುರುವಾಗುತ್ತವೆ.