ಬಿಡುಗಡೆಯ ಮರುದಿನ

ಶಿಕ್ಷೆಯ ಅವಧಿ ಮುಗಿದ ಮೇಲೆ ಕೈದಿಗೆ ಸೆರೆಮನೆಯ ಬಾಗಿಲು ತೆರೆಯುತ್ತದೆಯಾದರೂ, ಹತ್ತಾರು ವರ್ಷ ಒಳಗಿದ್ದವರಿಗೆ ಪಡಿತರ ಚೀಟಿಯಲ್ಲಿ ಹೆಸರು ಉಳಿದಿರುವುದಿಲ್ಲ, ಆಧಾರ್‌ಗೆ ಜೋಡಿಸಿದ್ದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರುವುದಿಲ್ಲ, ಬಾಡಿಗೆಗೆ ಕೋಣೆ ಕೇಳಿದರೆ ಹಿಂದಿನ ವಿಳಾಸದ ಪ್ರಶ್ನೆ ಎದುರಾಗುತ್ತದೆ. ಇಂಥ ಅಡಚಣೆಗಳು ಆಧಾರ್, ಮೊಬೈಲ್‌ಗಳಿಗಿಂತ ಮೊದಲಿನಿಂದಲೂ ಇದ್ದುದರಿಂದಲೇ 1980ರ ದಶಕದ ಆರಂಭದಲ್ಲಿ ವರದಿ ನೀಡಿದ ನ್ಯಾಯಮೂರ್ತಿ ಎ. ಎನ್. ಮುಲ್ಲಾ ಅವರ ನೇತೃತ್ವದ ಸೆರೆಮನೆ ಸುಧಾರಣಾ ಸಮಿತಿಯು ಅನುಪಾಲನೆಗೆ, ಎಂದರೆ ಬಿಡುಗಡೆಯಾದವರಿಗೆ ವಸತಿ, ಉದ್ಯೋಗ ಹಾಗೂ ಮಾರ್ಗದರ್ಶನ ಒದಗಿಸುವ ಕಾರ್ಯಕ್ಕೆ, ಒತ್ತು ನೀಡಿತು. ಕಾಗದದ ಮೇಲೆ ಇದನ್ನು ಅಲ್ಲಗಳೆದವರು ವಿರಳ, ಜಾರಿಗೆ ತಂದವರು ಇನ್ನೂ ವಿರಳ.

ಕೈಯಲ್ಲಿ ಒಂದಿಷ್ಟು ಸ್ವಂತ ದುಡಿಮೆಯ ಹಣವಿಲ್ಲದೆ ಹೊರಬಂದವರು ಹಳೆಯ ಸಹವಾಸಕ್ಕೇ ಕೈಚಾಚುವ ಅಪಾಯವಿರುವುದರಿಂದ, ಕೈದಿಗಳ ಶ್ರಮಕ್ಕೆ ನ್ಯಾಯಯುತ ಕೂಲಿ ಸಲ್ಲಬೇಕು ಮತ್ತು ಅದರ ಒಂದು ಪಾಲು ಅಪರಾಧಕ್ಕೆ ತುತ್ತಾದವರ ಪರಿಹಾರಕ್ಕೆ ಮೀಸಲಾಗಬೇಕು ಎಂದು ಸರ್ವೋಚ್ಚ ನ್ಯಾಯಾಲಯ 1998ರಲ್ಲಿ ನೀಡಿದ ತೀರ್ಪು ಇಲ್ಲಿ ಗಮನಾರ್ಹ. ನೊಂದವರನ್ನು ಮರೆತ ಪುನರ್ವಸತಿಯನ್ನು ಊರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಕೂಲಿಯಿಂದ ದೊರಕದ ಸಂಗತಿಯೊಂದನ್ನು, ಎಂದರೆ ಮನುಷ್ಯರಾಗಿ ಗುರುತಿಸಲ್ಪಡುವುದನ್ನು, ಕರ್ನಾಟಕದ ಸೆರೆಮನೆ ರಂಗಭೂಮಿ ತೋರಿಸಿಕೊಟ್ಟಿದೆ. ರಂಗಾಯಣ ನಾಟಕ ಸಂಸ್ಥೆಯ ಕಲಾವಿದರಾಗಿದ್ದ ಹುಲುಗಪ್ಪ ಕಟ್ಟೀಮನಿ ಅವರು ಕೈದಿಗಳಿಂದಲೇ ನಾಟಕಗಳನ್ನು ಆಡಿಸಿದಾಗ, ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ಆಧರಿಸಿದ ಎಚ್. ಎಸ್. ಶಿವಪ್ರಕಾಶರ ‘ಮಾರನಾಯಕನ ದೃಷ್ಟಾಂತ’ದಲ್ಲಿ ಕೊಲೆ ಮತ್ತು ಪಶ್ಚಾತ್ತಾಪದ ಮಾತುಗಳನ್ನು ಆಡಿದವರು ಶಿಕ್ಷೆ ಅನುಭವಿಸುತ್ತಿದ್ದವರೇ, ಅದುವರೆಗೆ ಅವರನ್ನು ಸಂಖ್ಯೆಯಿಂದಷ್ಟೇ ಗುರುತಿಸುತ್ತಿದ್ದ ವ್ಯವಸ್ಥೆಯ ಅಧಿಕಾರಿಗಳೂ ಸಾರ್ವಜನಿಕರೂ ಪ್ರೇಕ್ಷಕರಾಗಿ ಎದುರಿಗೆ ಕುಳಿತಿದ್ದರು.