ಒಂದೇ ಕೋಣೆಯ ಮನೆ

ಬೆಂಗಳೂರಿನ ಕೊಳೆಗೇರಿಗಳಲ್ಲಿ ಎಷ್ಟೋ ಸಂಸಾರಗಳಿಗೆ ಇರುವುದು ಒಂದೇ ಕೋಣೆ. ರಾತ್ರಿ ಅಪ್ಪ ಅಮ್ಮನ ಮೇಲೆ ಕೈಮಾಡಿದರೆ ಮಗು ಎದ್ದುಹೋಗಲು ಇನ್ನೊಂದು ಜಾಗವಿಲ್ಲ. ಮುಸುಕೆಳೆದುಕೊಂಡು, ತಂಗಿಯ ಬಾಯಿಗೆ ಕೈ ಅಡ್ಡವಿಟ್ಟು, ನಿದ್ದೆ ಬಂದಂತೆ ನಟಿಸುತ್ತದೆ. ‘ಚಿಕ್ಕದು, ಅದಕ್ಕೇನು ಗೊತ್ತಾಗುತ್ತೆ’ ಅನ್ನುತ್ತೇವೆ. ಗೊತ್ತಾಗುತ್ತದೆ. ಮರುದಿನ ಅಂಗನವಾಡಿಯಲ್ಲಿ ತಟ್ಟೆ ಮುಟ್ಟದೆ ಕೂರುತ್ತದೆ; ಯಾರೋ ಗದರಿದರೆ ಬೆಚ್ಚಿಬೀಳುತ್ತದೆ; ಹಾಸಿಗೆ ಒದ್ದೆ ಮಾಡುವ ಅಭ್ಯಾಸ ನಿಂತಿದ್ದರೂ ಮತ್ತೆ ಶುರುವಾಗುತ್ತದೆ. ಇದೆಲ್ಲ ಬಡವರ ಹಣೆಬರಹ ಎಂಬ ಮಾತನ್ನು ನಾನು ಒಪ್ಪಲಾರೆ. ಹೊಡೆತ ಬಂಗಲೆಗಳಲ್ಲೂ ಇದೆ, ಅಲ್ಲಿಯದು ಹೊರಗೆ ಕೇಳಿಸುವುದಿಲ್ಲ, ಅಷ್ಟೆ. ವಠಾರದಲ್ಲಿ ಕೇಳಿಸುತ್ತದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ತಾಯಿಯ ಜೊತೆಗೆ ಮಕ್ಕಳನ್ನೂ ಕಾಯುತ್ತದೆ. ಕೇಳಿಸಿಕೊಂಡ ನೆರೆಯವರು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು. ಕರೆ ಉಚಿತ, ನಡುರಾತ್ರಿಯಲ್ಲೂ ಎತ್ತುತ್ತಾರೆ.