ಶಾಲೆಯ ಹಿಂದಿನ ಪಾದೆ

(ಶತಮಾನೋತ್ಸವದ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಶತಮಾನೋತ್ಸವದ ನೆನಪಿಗಾಗಿ ಶಾಲೆಯ ಹಿಂದಿನ ಪಾದೆಯನ್ನು ಸಮತಟ್ಟುಗೊಳಿಸಿ ವಿಶಾಲವಾದ ಆಟದ ಬಯಲನ್ನು ನಿರ್ಮಿಸಬೇಕೆಂಬ ಸಲಹೆ ಹಲವರಿಂದ ಬಂದಿದೆ. ಆ ಪ್ರೀತಿಗೆ ಅಧ್ಯಾಪಕ ವೃಂದದವರಾದ ನಾವು ಋಣಿಗಳು. ಆದರೂ ನಿರ್ಧಾರಕ್ಕೆ ಮೊದಲು, ಅಲ್ಲಿ ಏನಿದೆಯೆಂಬುದನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದು ನಮ್ಮ ಕರ್ತವ್ಯ.

ಕಾಸರಗೋಡಿನ ಪದವುಗಳು ಬಹುಪಾಲು ಮುರಕಲ್ಲಿನವು. ಮಲಬಾರಿನ ಅಂಗಾಡಿಪುರದಲ್ಲಿ ಇದೇ ಬಗೆಯ ಕಲ್ಲನ್ನು ಕಂಡ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತಮ್ಮ ಪ್ರವಾಸಗ್ರಂಥದಲ್ಲಿ ಅದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗಿರುವ ಪದವೇ ಅದರ ಮೂಲ. ನಮ್ಮ ತರಗತಿಗಳ ಗೋಡೆಗಳೂ ಈ ಕಲ್ಲಿನವೇ.

ಬೇಸಗೆಯಲ್ಲಿ ಕಪ್ಪಗೆ ಕಾದಿರುವ ಬಂಡೆಯನ್ನು ಕಂಡವರು ಬರಡೆನ್ನುವುದು ಸಹಜ. ಪಾದೆಯನ್ನು ನೋಡಬೇಕಾದುದು ಆಟಿ, ಸೋಣ ತಿಂಗಳುಗಳಲ್ಲಿ. ಅಲ್ಲಿ ಮಣ್ಣು ಹಲವೆಡೆ ಬೆರಳಿನ ದಪ್ಪವೂ ಇಲ್ಲ. ಸಾರಜನಕ ತೀರ ಕಡಿಮೆ. ಮಳೆಗಾಲವಿಡೀ ನೀರು ಜಿನುಗುತ್ತಿರುತ್ತದೆ. ಇಂತಹ ಬಡ ನೆಲದಲ್ಲಿ ಕೆಲವು ಗಿಡಗಳು ಕೀಟಗಳಿಂದಲೇ ಪೋಷಣೆ ಪಡೆಯುತ್ತವೆ. ಡ್ರೊಸೆರಾ ತನ್ನ ಎಲೆಗಳ ಅಂಟುಹನಿಗಳಿಂದ ನುಸಿಗಳನ್ನು ಹಿಡಿಯುತ್ತದೆ. ಯುಟ್ರಿಕ್ಯುಲೇರಿಯಾ ನೀರಿನೊಳಗಿನ ಸೂಕ್ಷ್ಮಜೀವಿಗಳನ್ನು ಸಣ್ಣ ಚೀಲಗಳೊಳಕ್ಕೆ ಸೆಳೆದುಕೊಳ್ಳುತ್ತದೆ. ಓಣಂ ಹೂವಿನ ರಂಗೋಲಿಗೆ ನೆರೆಮನೆಯವರು ಕೊಯ್ಯುವ ನೀಲಿಯ 'ಕಾಕ್ಕಪ್ಪೂ' ಇದೇ ಬಳಗದ್ದು. ನಮ್ಮ ಮಕ್ಕಳೂ ಅದನ್ನು ಆ ಮಲಯಾಳ ಹೆಸರಿನಿಂದಲೇ ಬಲ್ಲರು. ಅದರಲ್ಲಿ ತಪ್ಪೇನೂ ಇಲ್ಲ. ಅದರ ನಡುನಡುವೆ ಬಿಳಿ ಗುಂಡಿಯಂತಹ ತಲೆಯೆತ್ತಿ ನಿಲ್ಲುವುದು ಎರಿಯೋಕಾಲಾನ್.

ಈ ಪುಟ್ಟ ಗಿಡಗಳಲ್ಲಿ ಹೆಚ್ಚಿನವು ಕೆಲವೇ ತಿಂಗಳುಗಳಲ್ಲಿ ಮೊಳೆತು, ಹೂತು, ಬೀಜ ಚೆಲ್ಲಿ ಒಣಗುತ್ತವೆ. ಆ ಬೀಜಗಳು ಸುಡುಬಿಸಿಲನ್ನು ಬಿರುಕುಗಳಲ್ಲಿ ಕಳೆದು ಮುಂದಿನ ಮಳೆಗೆ ಏಳುತ್ತವೆ. ಅಂಚಿನ ಸಡಿಲ ಕಲ್ಲುಗಳ ನಡುವೆ, ಬೇರಿಳಿಯಲು ಎಡೆಯಿರುವಲ್ಲಿ, ಕೇಪಳ, ನೆಕ್ಕರೆ, ಮುಳಿಹುಲ್ಲುಗಳಿವೆ. ಹಿಂದೆ ಮಾಡು ಹೊದೆಸಿದ್ದು ಆ ಮುಳಿಯಿಂದಲೇ ಎಂಬುದನ್ನು ಇಲ್ಲಿರುವ ಹಿರಿಯರಿಗೆ ನಾವು ಹೇಳಬೇಕಿಲ್ಲ.

ಯಂತ್ರ ಒಮ್ಮೆ ಹಾಯ್ದರೆ ಆ ತೆಳುಮಣ್ಣೂ ಅದರೊಳಗಿನ ಬೀಜಗಳೂ ಹೋಗುತ್ತವೆ. ಮತ್ತೆ ಮಣ್ಣು ತಂದು ಸುರಿದರೆ ಬರುವುದು ಬೇರೆಯೇ ಕಳೆ. ನೀರಿನ ಮಾತೂ ಇದೆ. ಮುರಕಲ್ಲು ರಂಧ್ರಮಯ, ಮೇಲೆ ಬಿದ್ದ ಮಳೆ ಅದರೊಳಗಿಳಿದು ಕೆಳಗಿನ ಬಾವಿಗಳಿಗೂ ಸುರಂಗಗಳಿಗೂ ಒಸರುತ್ತದೆ. ಗುಡ್ಡದಡಿಯ ಅಡಕೆ ತೋಟಗಳನ್ನು ಸಾಕಿದ್ದು ಆ ಒಸರು.

ಮಕ್ಕಳಿಗೆ ಬಯಲು ಬೇಡವೆಂದು ನಮ್ಮ ವಾದವಲ್ಲ, ಖಂಡಿತ ಬೇಕು. ರಸ್ತೆಯ ಬದಿಗೆ ಈಗಾಗಲೇ ಕಲ್ಲು ಕಡಿದು ಬಿಟ್ಟ ತಗ್ಗು ಇದೆ. ಅದನ್ನು ತುಂಬಿಸಿ ವಾಲಿಬಾಲಿಗೂ ಕಬಡ್ಡಿಗೂ ಅಂಕಣ ಮಾಡಬಹುದು. ಇನ್ನೂರು ಮೀಟರ್ ಓಟದ ಪಥ ಮಾತ್ರ ಅದರಲ್ಲಿ ಹಿಡಿಯದು. ಆ ಕೊರತೆಯನ್ನು ಒಪ್ಪಿಕೊಂಡೇ ಪಾದೆಯನ್ನು ಹಾಗೆಯೇ ಬಿಡಬೇಕೆಂದು ಸಮಿತಿಯಲ್ಲಿ ಬೇಡಿಕೊಳ್ಳುತ್ತೇವೆ. ಸಭೆ ಮುಗಿದೊಡನೆ ಏಳನೆಯ ತರಗತಿಯ ಮಕ್ಕಳು ತಮ್ಮನ್ನು ಅಲ್ಲಿಗೆ ಕರೆದೊಯ್ಯುವರು. ಬಂಡೆ ಜಾರುತ್ತದೆ, ಚಪ್ಪಲಿ ಕಳಚಿ, ಹೂಗಳ ಮೇಲೆ ಕಾಲಿಡದಂತೆ ನಡೆಯಬೇಕಾಗಿ ವಿನಂತಿ.